ಹಳೂ ಕೈ ಬಿಡ್ರಿ

ಮಂಗಲಳ ಬಲಗೈಯಿಂದ ತಂಬಿಗೆ ಜಾರಿ ಬಿದ್ದದ್ದು ಬೆಳಗಿನ ಹೊತ್ತು, ಬಚ್ಚಲಮನೆಯಲ್ಲಿ. ತಂಬಿಗೆಯ ತುಂಬ ಬಿಸಿನೀರಿತ್ತು. ಪುಣ್ಯಕ್ಕೆ ಮೈಮೇಲೆ ಬೀಳದೆ ಕಾಲಿನ ಪಕ್ಕಕ್ಕೆ ಚೆಲ್ಲಿತು. ಹೊರಗೆ ಪೇಪರು ಓದುತ್ತಿದ್ದ ಗಂಡ ಪಾರಿಸಣ್ಣ, "ಏನ್ ಒಡೀತಲೇ?" ಎಂದು ಕೇಳಿದ. "ತಾಂಬ್ರದ್ದು ಒಡೀತೈತೇನ್ರಿ?" ಎಂದು ಮಂಗಲ ಒಳಗಿನಿಂದಲೇ ಗದರಿದಳು. ಗದರಿದ್ದೇನೋ ಸರಿ, ಆದರೆ ಬಿದ್ದ ತಂಬಿಗೆಯನ್ನು ಎತ್ತಿಕೊಳ್ಳದೆ ಗೋಡೆಗೆ ಒರಗಿ ನಿಂತಳು. ಮೊಣಕೈಯ ಹೊರಮಗ್ಗುಲಲ್ಲಿ ಚುಳ್ ಎಂದಿತ್ತು, ಬೆರಳುಗಳು ಅವಳನ್ನು ಕೇಳದೆ ತಾವೇ ತೆರೆದುಕೊಂಡಿದ್ದವು. ತಂಬಿಗೆಯ ಬದಲು ಕೈಯಲ್ಲಿ ಕೂಸು ಇದ್ದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಆಗಲೇ ಅವಳ ತಲೆ ಹೊಕ್ಕಿತು, ಹೊಕ್ಕದ್ದು ಮತ್ತೆ ಹೊರಡಲಿಲ್ಲ.

ಈ ಯೋಚನೆ ಬರುವುದಕ್ಕೆ ಕಾರಣವಿತ್ತು. ಸಾಂಗ್ಲಿಯ ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಲಿ, ಎರೆಯುವುದಕ್ಕೆ ಕರೆ ಬರುತ್ತಿದ್ದುದು ಮಂಗಲಳಿಗೇ. ಮಣೆಯ ಮೇಲೆ ಕೂತು ಕಾಲು ಉದ್ದಕ್ಕೆ ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ನೀರು ಸುರಿಯುವಾಗ ಎಂಥ ಅಳುಬುರುಕ ಕೂಸೂ ತೆಪ್ಪಗಾಗುತ್ತಿತ್ತು. ಮಂಗಲಕ್ಕನ ಕೈಗುಣ ಎಂದು ಹೆಂಗಸರು ಹೊಗಳುತ್ತಿದ್ದರು. "ನಂದೇನೈತ್ರಿ" ಎಂದು ಅವಳು ಬಾಯಿ ಮಾತಿಗೆ ಹೇಳುತ್ತಿದ್ದಳು, ಒಳಗೊಳಗೆ ಉಬ್ಬುತ್ತಿದ್ದಳು. ಈಗ ಅವಳ ಒಬ್ಬಳೇ ಮಗಳು ಮೃಣಾಲ ಬಸುರಿ. ಕುಪವಾಡದ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿದಿತ್ತು. ಒಂಬತ್ತು ತುಂಬುವ ಮೊದಲು ಅವಳನ್ನು ಸಾಂಗ್ಲಿಗೆ ಕರೆತರಬೇಕು, ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಊರ ಕೂಸುಗಳಿಗೆಲ್ಲ ಎರೆದ ಕೈ ಸ್ವಂತ ಮೊಮ್ಮಗುವಿನ ಹೊತ್ತಿಗೆ ಸರಿಯಾಗಿ ಮುಷ್ಕರ ಹೂಡಿತ್ತು.

ಕೈಯನ್ನಾದರೂ ಏನೆಂದು ಬಯ್ಯುವುದು. ಮಗಳು ಬರುತ್ತಾಳೆಂಬ ಸಂಭ್ರಮದಲ್ಲಿ ಮಂಗಲ ಮನೆಯಲ್ಲಿದ್ದ ಹಳೆಯ ನೂಲಿನ ಸೀರೆಗಳನ್ನೆಲ್ಲ ಹೊರಗೆಳೆದು ಒಗೆದು ಹಿಂಡಿದ್ದಳು. ಬಾಣಂತಿಯ ಅಂಟಿನುಂಡಿಗೆಂದು ರಾಶಿ ಕೊಬ್ಬರಿ ತುರಿದಿದ್ದಳು. ಮೊಣಕೈ ಅವತ್ತೇ ಮುನಿದದ್ದು. ಎಣ್ಣೆ ತಿಕ್ಕಿದಳು, ಇಟ್ಟಿಗೆ ಕಾಸಿ ಶಾಖ ಕೊಟ್ಟಳು. ಚಹಾದ ಕೆಟಲಿ ಎತ್ತಿದರೆ ನೋವು, ನಳ ತಿರುವಿದರೆ ನೋವು. ತಂಬಿಗೆ ಬಿದ್ದ ಮೇಲೆ ಮಾತ್ರ ಪಾರಿಸಣ್ಣ ಮಿರಜಿನ ಎಲುಬಿನ ಡಾಕ್ಟರರ ಹತ್ತಿರ ಕರೆದೊಯ್ದ. ಅವರು ಕೈ ಒತ್ತಿ, ತಿರುಗಿಸಿ ನೋಡಿ, ಎಲುಬಿಗೆ ಏನೂ ಆಗಿಲ್ಲ, ಸ್ನಾಯು ಎಲುಬಿಗೆ ಅಂಟಿಕೊಳ್ಳುವ ಜಾಗ ದಣಿದು ಕೆಟ್ಟಿದೆ, ಟೆನಿಸ್ ಎಲ್ಬೋ ಅಂತಾರೆ, ಫಿಜಿಯೋಥೆರಪಿ ಮಾಡಿಸಿ ಎಂದರು. ಗಣಪತಿ ಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಪಾರಿಸಣ್ಣನಿಗೆ ಇಷ್ಟು ಸಾಕಾಯಿತು. "ನಮ್ಮಾಕಿ ಟೆನಿಸ್ ಆಡಿ ಕೈ ಉಳುಕಿಸ್ಕೊಂಡಾಳ್ರಿ" ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಮಂಗಲಳಿಗೆ ನಗು ಬರಲಿಲ್ಲ.

ಫಿಜಿಯೋಥೆರಪಿಯ ಕೋಣೆ ಮಿರಜಿನಲ್ಲಿ ದವಾಖಾನೆಗಳ ರಸ್ತೆಯಲ್ಲೇ ಇತ್ತು, ಒಂದು ಔಷಧಿ ಅಂಗಡಿಯ ಮೇಲ್ಮಹಡಿ. ಅಲ್ಲಿದ್ದವಳು ಪ್ರಣಿತಾ ಎಂಬ ಹುಡುಗಿ, ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವಳು. ಅವಳ ಬೆರಳು ಮಾತ್ರ ಹೊಸದಾಗಿರಲಿಲ್ಲ. ಮೊಣಕೈಯ ಹೊರಗಡೆ ತಡವುತ್ತ ಬಂದು ಒಂದು ಕಡೆ ಹೆಬ್ಬೆರಳಿಟ್ಟಳು. ಮಂಗಲಳ ಕಣ್ಣಲ್ಲಿ ನೀರೇ ಬಂತು. ಅಲ್ಲೇ ಅಡ್ಡಡ್ಡವಾಗಿ ತಿಕ್ಕಿದಳು, ಮುಂಗೈಯ ತನಕ ನೀವಿದಳು. ಆಮೇಲೆ ಮೊಣಕೈಯ ಕೆಳಗೆ ಎರಡೂ ಕೈಯಲ್ಲಿ ಹಿಡಿದು ಎಲುಬನ್ನು ಒಂದಿಷ್ಟು ಹೊರಮಗ್ಗುಲಿಗೆ ಸರಿಸಿ ಹಿಡಿದುಕೊಂಡೇ, ಮುಷ್ಟಿ ಕಟ್ಟಿ ನೋಡಿ ಎಂದಳು. ಮಂಗಲ ಹೆದರುತ್ತ ಹೆದರುತ್ತ ಮುಷ್ಟಿ ಕಟ್ಟಿದಳು. ನೋವಿರಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟಿದಳು, ಆಗಲೂ ಇಲ್ಲ. ಇಷ್ಟು ದಿನದ ಮೇಲೆ ಕೈ ತನ್ನದಾಯಿತೆಂದು ಅವಳ ಉಸಿರು ಹಗುರಾಯಿತು. ಪ್ರಣಿತಾ ತನ್ನ ಹಿಡಿತ ತೆಗೆದ ಕೂಡಲೇ ನೋವು ತನ್ನ ಜಾಗಕ್ಕೆ ಬಂದು ಕೂತಿತು.

ಉಳಿದ ಕೆಲಸ ನೀವೇ ಮಾಡಬೇಕು ಎಂದು ಪ್ರಣಿತಾ ಮರಾಠಿಯಲ್ಲಿ ಹೇಳಿದಳು. ಮೇಜಿನ ಮೇಲೆ ಮುಂಗೈ ಇಟ್ಟು, ಅಂಗೈ ಕೆಳಗೆ ಮಾಡಿ, ಅಂಚಿನಿಂದಾಚೆ ಕೈ ಇಳಿಬಿಟ್ಟು, ನೀರಿನ ಬಾಟಲಿ ಹಿಡಿಯಬೇಕು. ಎತ್ತುವುದಕ್ಕೆ ಎಡಗೈಯ ಸಹಾಯ ತೆಗೆದುಕೊಳ್ಳಬೇಕು, ಇಳಿಸುವಾಗ ಬಲಗೈ ಒಂದೇ, ಅದೂ ಮೆಲ್ಲಗೆ. "ಹಳೂಹಳೂ ಸೋಡಾ ಮಾವಶಿ, ಹಳೂಹಳೂ" ಎಂದು, ಮೆಲ್ಲಗೆ ಇಳಿಬಿಡಿ ಚಿಕ್ಕಮ್ಮಾ ಎಂದು, ಅವಳು ಹೇಳುತ್ತಿದ್ದಂತೆ ಮಂಗಲ ಬಾಟಲಿಯನ್ನು ಕೆಳಗಿಳಿಸಿದಳು. ಮಾಡುವಾಗ ಸ್ವಲ್ಪ ನೋವಾದರೆ ಆಗಲಿ, ದಣಿದ ಸ್ನಾಯು ಹೀಗೆ ಭಾರ ಹೊತ್ತೇ ಗಟ್ಟಿಯಾಗುವುದು ಎಂದೂ ಆ ಹುಡುಗಿ ಹೇಳಿದಳು. ಮೊಬೈಲಿಗೆ ವಿಡಿಯೋ ಕಳಿಸುತ್ತೇನೆ ಎಂದಳು. ಮಂಗಲಳದು ಗುಂಡಿ ಒತ್ತುವ ಹಳೆಯ ಫೋನು.

ಅಲ್ಲಿಗೇ ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಯಾರ ಮನೆಯವಳು ಎಂದು ಕೇಳದೆ ಎದ್ದು ಬರುವ ಜಾಯಮಾನ ಮಂಗಲಳದಲ್ಲ. ಕೇಳಿದಳು. ಸಾಂಗ್ಲಿ ಪೇಟೆಯ ಲಿಂಗಾಯತ ಕಿರಾಣಿ ವ್ಯಾಪಾರಿಗಳ ಮನೆ, ಅಜ್ಜಿ ಜತ್ತದ ಕಡೆಯವಳು, ಮನೆಯಲ್ಲಿ ಹಿರಿಯರದೆಲ್ಲ ಕನ್ನಡ ಎಂದು ತಿಳಿಯಿತು.

"ಮತ್ತ ಇಷ್ಟೊತ್ತು ಮರಾಠಿ ಯಾಕ ಮಾತಾಡಿದಿ ನೀ?" ಎಂದಳು ಮಂಗಲ, ನೀವು ಹೋಗಿ ನೀ ಆಗಿತ್ತು.

"ತಿಳೀತೈತಿ ಮಾವಶಿ. ಪಣ ಮಾತಾಡಾಕ ಲಾಜ ಬರತೈತಿ."

"ನಾಚೂದೇನೈತಿ ಅದರಾಗ? ಅಜ್ಜಿ ಮಾತು ಹಿಂಗ ಬಿಟ್ರ ಹೋಗಿಬಿಡತೈತಿ ನೋಡವಾ. ಇನ್ನ ಮ್ಯಾಲ ನನ್ನ ಕೂಡ ಕನ್ನಡಾನ ಮಾತಾಡ್ಬೇಕು. ತಪ್ಪಾದ್ರ ತಪ್ಪಾಗ್ಲಿ."

ಪ್ರಣಿತಾ ನಕ್ಕು, ಆಗಲಿ ಎಂದಳು. ಮಾತು ಕೊಟ್ಟ ಹುಡುಗಿ ಅದನ್ನು ನಡೆಸಿಯೂ ಕೊಟ್ಟಳು.

ಮನೆಗೆ ಬಂದ ಮಂಗಲ ಅಡಿಗೆಮನೆಯ ಕಟ್ಟೆಯ ಮೇಲೆ ಕೈಯಿಟ್ಟು ಬಾಟಲಿ ಎತ್ತಿ ಇಳಿಸತೊಡಗಿದಳು. ಮಾರನೆಯ ಸಂಜೆ ಮೊಣಕೈ ಉರಿಯಿತು. ಇದು ಪ್ರಣಿತಾ ಹೇಳಿದ 'ಸ್ವಲ್ಪ ನೋವೋ', ಒಳಗೆ ಇನ್ನೊಂದು ಎಳೆ ಹರಿದ ನೋವೋ? ನೋವಿಗೇನು ಹಣೆಪಟ್ಟಿ ಇರುತ್ತದೆಯೇ? ಹರಿಯುತ್ತಿದೆ ಎಂದೇ ಅವಳ ಮನಸ್ಸು ಹೇಳಿತು. ಬಾಟಲಿ ಕೆಳಗಿಟ್ಟು, ಮಿರಜಿಗೆ ಫೋನು ಹಚ್ಚಿದಳು. ಆಚೆ ಕಡೆ ಜನರ ಗದ್ದಲ, ಯಾವುದೋ ಯಂತ್ರದ ಸದ್ದು. ಪ್ರಣಿತಾ ಇನ್ನೊಬ್ಬರ ಬೆನ್ನಿಗೆ ಕೈ ಹಚ್ಚಿದ್ದಳೆಂದು ಕಾಣುತ್ತದೆ, ಅವಸರದಲ್ಲಿದ್ದಳು. ಆದರೂ ಕೊಟ್ಟ ಮಾತಿಗೆ ತಪ್ಪದೆ ಕನ್ನಡದಲ್ಲೇ ಹೇಳಿದಳು.

"ನೋವು ಬಂದ್ರ ಘಾಬರಿ ಆಗಬ್ಯಾಡ್ರಿ ಮಾವಶಿ. ಹಳೂ ಕೈ ಬಿಡ್ರಿ. ಪೂರಾ ಬಿಡ್ರಿ. ನಡುವ ಹಿಡೀಬ್ಯಾಡ್ರಿ."

"ಪೂರಾ ಬಿಡೂದೇನು?" ಎಂದಳು ಮಂಗಲ.

"ಹೂನ್ರಿ, ಪೂರಾ. ಹಳೂ ಹಳೂ."

ಫೋನಿಟ್ಟು ಮಂಗಲ ಅಲ್ಲೇ ನೆಲದ ಮೇಲೆ ಕೂತಳು. ಮೆಲ್ಲಗೆ ಕೈ ಬಿಡಿ. ಪೂರ್ತಿ ಬಿಡಿ. ನಡುವೆ ಏನೂ ಹಿಡಿಯಬೇಡಿ. ದೊಡ್ಡ ದವಾಖಾನೆಗಳಲ್ಲಿ ಡಾಕ್ಟರು ಹೊರಗೆ ಬಂದು ಮನೆಯವರಿಗೆ ಹೇಳುವ ಮಾತಲ್ಲವೇ ಇದು? ರೋಗಿಯ ಆಸೆ ಬಿಡಿ ಎನ್ನುವಂತೆ ಈ ಹುಡುಗಿ ಕೈಯ ಆಸೆ ಬಿಡಿ ಎಂದಿದ್ದಾಳೆ, ಅದಕ್ಕೇ ಘಾಬರಿಯಾಗಬೇಡಿ ಎಂದು ಮೊದಲೇ ಧೈರ್ಯ ಹೇಳಿದ್ದಾಳೆ. ಮುಟ್ಟಿ ನೋಡಿದ ದಿನವೇ ಅವಳಿಗೆ ಗೊತ್ತಾಗಿರಬೇಕು, ಎದುರಿಗೆ ಹೇಳಲಾರದೆ ಬಾಟಲಿ ಕೊಟ್ಟು ಕಳಿಸಿದ್ದಾಳೆ. ಹೀಗೆಲ್ಲ ಎಣಿಸಿ ಮಂಗಲ ತನ್ನ ಕೈಯ ತಿಥಿಯನ್ನು ತಾನೇ ಮಾಡಿ ಮುಗಿಸಿದಳು. ಇನ್ನೊಂದು ಸಲ ಫೋನು ಮಾಡಿ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಕೆಟ್ಟ ಸುದ್ದಿಯನ್ನು ಎರಡು ಸಲ ಕೇಳುವ ಎದೆ ಅವಳಿಗಿರಲಿಲ್ಲ.

ಬಿಟ್ಟಳು. ಬಾಟಲಿ ಬಿಟ್ಟಳು, ಮಿರಜಿಗೆ ಹೋಗುವುದನ್ನು ಬಿಟ್ಟಳು. ಹಳೆಯ ಓಢಣಿಯಲ್ಲಿ ಕೈಯನ್ನು ಕೊರಳಿಗೆ ಜೋತುಹಾಕಿಕೊಂಡು ಎಡಗೈಯಲ್ಲೇ ಹಲ್ಲುಜ್ಜಿದಳು, ಎಡಗೈಯಲ್ಲೇ ಉಂಡಳು. ಪಾರಿಸಣ್ಣ ಕೇಳಿದಾಗ ಡಾಕ್ಟರು ಆರಾಮ ಮಾಡು ಅಂದಿದ್ದಾರೆ ಎಂದಳು. ಅವನು ಅಂಗಡಿಯಿಂದ ಬರುವಾಗ ರೊಟ್ಟಿ ಕಟ್ಟಿಸಿಕೊಂಡು ಬರತೊಡಗಿದ. ಅವು ಚಪ್ಪಲಿಯಂತಿವೆ ಎಂದು ದಿನಾ ಗೊಣಗಿದರೂ ದಿನಾ ತಂದ. ಹೀಗೆ ತಿಂಗಳೊಪ್ಪತ್ತು ಕಳೆಯಿತು. ಕೆಲಸವಿಲ್ಲದ ಕೈ ವಾಸಿಯಾಗುವ ಬದಲು ಸೊರಗಿತು. ಓಢಣಿಯಿಂದ ಹೊರಗೆ ತೆಗೆದರೆ ಮುಂಗೈ ಸಣ್ಣಗಾಗಿದ್ದು ಬರಿಗಣ್ಣಿಗೇ ಕಾಣುತ್ತಿತ್ತು. ನೋಡಿದವಳೇ ಮತ್ತೆ ಓಢಣಿಯೊಳಗೆ ಮುಚ್ಚಿಡುತ್ತಿದ್ದಳು. ಆ ಹುಡುಗಿ ಹೇಳಿದ್ದು ಸುಳ್ಳಲ್ಲ, ಕೈ ನಿಜವಾಗಿ ಹೋಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಮಂಗಲ ಒಂದು ಪರೀಕ್ಷೆ ಮಾಡಿದಳು. ಹಿಟ್ಟಿನ ಪೊಟ್ಟಣವೊಂದನ್ನು ಮೆತ್ತಗಿನ ಹಳೆಯ ಸೀರೆಯಲ್ಲಿ ಸುತ್ತಿ ಕೂಸಿನಂತೆ ಮಾಡಿದಳು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ಅದನ್ನು ಕಾಲ ಮೇಲೆ ಮಲಗಿಸಿದಳು. ಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ನೋಡಿ ಬಂದಳು, ಅಜ್ಜಿಯಾಗುವವಳು ಹಿಟ್ಟಿಗೆ ಎರೆಯುತ್ತಿರುವುದನ್ನು ಓಣಿಯವರು ನೋಡಿದರೆ ಬೇರೆ ದವಾಖಾನೆಗೇ ಒಯ್ದಾರು. ಎರಡೂ ಕೈ ಹಚ್ಚಿ ಬೋರಲು ಮಾಡಲು ಎತ್ತಿದಳು. ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ ಸೆಳೆತ ಹರಿಯಿತು, ಹಿಡಿ ಸಡಿಲಿತು. ಪೊಟ್ಟಣ ಉರುಳಿ ಬಚ್ಚಲ ಕಲ್ಲಿಗೆ ಬಡಿದು ಒಡೆದು ಹಿಟ್ಟು ಚೆಲ್ಲಿತು. ಮಂಗಲ ಆ ಬಿಳಿಯ ಹಿಟ್ಟನ್ನು ನೋಡುತ್ತ ಅತ್ತಳು, ಬಾಯಿಗೆ ಸೆರಗು ಒತ್ತಿಕೊಂಡು ಬಹಳ ಹೊತ್ತು ಅತ್ತಳು.

ಎದ್ದು ಮುಖ ತೊಳೆದು ಮಗಳಿಗೆ ಫೋನು ಮಾಡಿದಳು. ಕೈಯ ಸುದ್ದಿ ಹೇಳಬೇಕೆಂದೇ ಮಾಡಿದ್ದು. ಆದರೆ ಮೃಣಾಲ ಆಚೆಯಿಂದ, "ಯಾವತ್ತು ಬರತೀಯವ್ವಾ ಕರ್ಯಾಕ?" ಎಂದು ಕೇಳಿದ ಕೂಡಲೇ ನಾಲಿಗೆ ಬೇರೆ ದಾರಿ ಹಿಡಿಯಿತು. ನನ್ನ ಕೈಯಿಂದಾಗದು ಎನ್ನುವ ಮಾತು ಅವಳು ಜನ್ಮದಲ್ಲಿ ಆಡಿದ್ದಿಲ್ಲ.

"ಈ ಸಲ ಬ್ಯಾಡವಾ. ಮನಿ ಗೋಡಿಗೆಲ್ಲ ಸಿಮೆಂಟಿನ ಗಿಲಾವ ಹಚ್ಚೇವಿ. ಧೂಳ ಭಾಳ ಆಗೇತಿ. ಕೂಸಿಗೆ ಆಗಿ ಬರೂದಿಲ್ಲ. ನಿಮ್ಮತ್ತ್ಯಾರ ಕಡೇನ ಆಗ್ಲಿ."

ಮೃಣಾಲ 'ಈ ಸಲ' ಎಂಬುದನ್ನೇ ಹಿಡಿದಳು.

"ಈ ಸಲ ಅಂದ್ರ? ಮದಲನೇದು ಒಂದಽ ಸಲ ಬರೂದವ್ವಾ."

"ಧೂಳ ಐತಿ ಅಂದ್ನಲ್ಲ."

"ಆತು," ಎಂದಳು ಮೃಣಾಲ. ಫೋನು ಕಟ್ಟಾಯಿತು. ಆಮೇಲೆ ಅವಳಾಗಿ ಫೋನು ಮಾಡಲಿಲ್ಲ. ಮಂಗಲ ಮಾಡಿದಾಗ ಊಟ ಆಯಿತೇ ಎಂದರೆ ಆತು, ಔಷಧಿ ತಗೊಂಡೆಯಾ ಎಂದರೆ ತಗೊಂಡೆ, ಇಷ್ಟೇ. ಮಗಳ ಬಾಯಿಯಿಂದ ಬರುವ ಒಂದೊಂದು ಪದವೂ ಬಾಡಿಗೆಗೆ ತಂದಂತಿರುತ್ತಿತ್ತು. ಮಂಗಲಳಿಗೆ ಊಟ ಸೇರದಾಯಿತು. ಕೂಸು ಕೆಳಗೆ ಬೀಳುವುದಕ್ಕಿಂತ ಮಗಳು ಸಿಟ್ಟಾಗುವುದು ಲೇಸು ಎಂದು ತನಗೆ ತಾನೇ ಹೇಳಿಕೊಂಡಳು, ಹೇಳಿಕೊಂಡಷ್ಟೂ ಸಂಕಟ ಹೆಚ್ಚಿತು.

ಸುಳ್ಳನ್ನು ಹೊರಗೆಳೆದವನು ಅಳಿಯ ಸಂಮೇದ. ಕುಪವಾಡದ ಕಾರಖಾನೆಯಲ್ಲಿ ಕೆಲಸ ಮಾಡುವ ಆ ಪಾಪದ ಮನುಷ್ಯ, ಮಾವನಿಗೆ ನೆರವಾಗೋಣವೆಂದು ನೇರ ಅಂಗಡಿಗೆ ಫೋನು ಮಾಡಿದ. "ಮಾಮಾ, ಗಿಲಾವದ ಕೆಲಸ ಲಗೂ ಮುಗಸೂದಿದ್ರ ನನ್ನ ಗುರ್ತಿನ ಗವಂಡಿ ಒಬ್ಬಾಂವ ಅದಾನ, ಕಳಸ್ಲೇನ್ರಿ?" ಪಾರಿಸಣ್ಣ ಫೋನು ಇಟ್ಟು, ಅಂಗಡಿಯನ್ನು ಆಳಿನ ಮೇಲೆ ಬಿಟ್ಟು, ಮನೆಗೆ ಬಂದ. ಪಡಸಾಲೆಯ ನಾಲ್ಕೂ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದ.

"ಗಿಲಾವ ಎಲ್ಲೈತಿ?" ಎಂದ.

ಮಂಗಲ ಬಾಗಿಲ ಚೌಕಟ್ಟಿಗೆ ಒರಗಿದಳು. ತಡೆದುಕೊಂಡದ್ದೆಲ್ಲ ಒಮ್ಮೆಲೇ ಹೊರಬಂತು. "ಡಾಕ್ಟರ್ ಕೈ ಬಿಡು ಅಂದಾಳ್ರಿ."

"ಯಾರ ಕೈ?"

"ನಂದಽ ರಿ. ಪೂರಾ ಬಿಡು ಅಂದಾಳ. ಈ ಕೈಲೆ ನಾ ಕೂಸಿಗೆ ಹೆಂಗ ಎರೀಲಿ? ಹೆಂಗ ಕರೀಲಿ ಅಕೀನ್ನ?"

ಪಾರಿಸಣ್ಣ ಹಾಸ್ಯ ಮಾಡಲಿಲ್ಲ. ಇಷ್ಟು ದಿನ ಟೆನಿಸ್ ಟೆನಿಸ್ ಎಂದು ಕುಣಿದದ್ದಕ್ಕೆ ಅವನಿಗೂ ಒಳಗೆ ಚುಚ್ಚಿರಬೇಕು. "ಕೈ ಹೋಗತಿದ್ರ ಅಕಿ ನನಗ ಹೇಳ್ಲಿ. ನಡಿ," ಎಂದು ಚಪ್ಪಲಿ ಮೆಟ್ಟಿದ.

ಮಿರಜಿನಲ್ಲಿ ಪ್ರಣಿತಾ ಅವರನ್ನು ನೋಡಿ ಖುಷಿಯಿಂದಲೇ ಎದ್ದುಬಂದಳು. ಓಢಣಿ ಬಿಚ್ಚಿ ಕೈ ನೋಡಿದ ಮೇಲೆ ಅವಳ ಮುಖ ಬದಲಾಯಿತು. ಹಿಡಿ ಕಟ್ಟಿಸಿದಳು, ಮಣಿಕಟ್ಟನ್ನು ಮೇಲೆತ್ತಿಸಿ ತನ್ನ ಬೆರಳಿನಿಂದ ತಡೆದು ನೋಡಿದಳು. "ಎಕ್ಸರ್‌ಸೈಜ್ ಮಾಡಿಲ್ಲೇನ್ರಿ ಮಾವಶಿ?"

"ಬಿಟ್ಟೇನಿ."

"ಕಾ? ಯಾಕ್ರಿ?"

"ನೀವಽ ಹೇಳಿದ್ರಲ್ರಿ," ಎಂದಳು ಮಂಗಲ. ಹಿಂದಿನ ಸಲದ ನೀ ಈಗ ಮತ್ತೆ ನೀವು ಆಗಿತ್ತು. "ಫೋನಿನ್ಯಾಗ ಹೇಳಿದ್ರಿ. ಕೈ ಬಿಡ್ರಿ, ಪೂರಾ ಬಿಡ್ರಿ, ನಡುವ ಏನೂ ಹಿಡೀಬ್ಯಾಡ್ರಿ."

ಪ್ರಣಿತಾ ಹುಬ್ಬು ಗಂಟಿಕ್ಕಿದಳು. ಹಾಗೆ ಹೇಳಿದ್ದು ಅವಳಿಗೆ ನೆನಪಿತ್ತು, ಅದರಲ್ಲಿ ತಪ್ಪೇನೆಂದು ಗೊತ್ತಾಗಲಿಲ್ಲ. ಮೇಜಿನ ಮೇಲಿದ್ದ ಬಾಟಲಿ ಹಿಡಿದು ತಾನೇ ಮಾಡಿ ತೋರಿಸಿದಳು. ಎಡಗೈಯಿಂದ ಎತ್ತಿದಳು, ಬಲಗೈಯೊಂದರಲ್ಲೇ ಇಳಿಸುತ್ತ ಮೊದಲು ಮರಾಠಿಯಲ್ಲಿ, "ಹಳೂ ಸೋಡಾ," ಎಂದಳು. ಆಮೇಲೆ ಅದನ್ನೇ ಕನ್ನಡದಲ್ಲಿ, "ಹಳೂ ಬಿಡ್ರಿ. ಪೂರಾ ಬಿಡ್ರಿ, ಖಾಲೀಪರ್ಯಂತ, ಕೆಳಗಿನ ಮಟಾ. ನಡುವ ಹಿಡೀಬ್ಯಾಡ್ರಿ, ಮಣಜೆ ನಡುವ ನಿಂದ್ರಸಬ್ಯಾಡ್ರಿ," ಎಂದಳು.

ಪಾರಿಸಣ್ಣನಿಗೆ ಮೊದಲು ತಿಳಿಯಿತು. "ಅಯ್ಯ ನಮ್ಮವ್ವ," ಎಂದು ಕುರ್ಚಿಯ ಮೇಲೆ ಕೂತ. ಕೂತು ಆ ಹುಡುಗಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದ. ಕನ್ನಡದಲ್ಲಿ ಕೈ ಬಿಡು ಅಂದರೆ ಕೈಯನ್ನು ಕೆಳಗಿಳಿಸು ಅಂತಲ್ಲ ತಾಯಿ, ಇನ್ನು ಇದರ ಆಸೆ ಬಿಡು, ಕೈ ತೊಳೆದುಕೋ ಅಂತ. ಕೇಳುತ್ತ ಪ್ರಣಿತಾಳ ಬಾಟಲಿ ಗಾಳಿಯಲ್ಲೇ ನಿಂತಿತು. ಅವಳ ಕಣ್ಣು ತುಂಬಿಬಂದವು. ಮಂಗಲಳಿಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ತಿಂಗಳೊಪ್ಪತ್ತು ಸುಮ್ಮನೆ ಹೋಗಿತ್ತು, ಮಗಳು ದೂರವಾಗಿದ್ದಳು, ಒಂದು ಹಾಳು ಮಾತಿಗೆ. ಸಿಟ್ಟು ಯಾರ ಮೇಲೆಂದು ನೋಡಿದರೆ ಕನ್ನಡದಲ್ಲೇ ಮಾತಾಡು ಎಂದು ಹಟ ಹಿಡಿದವಳು ತಾನೇ. ಆ ಸಂಗತಿ ಸಿಟ್ಟನ್ನು ಇಮ್ಮಡಿ ಮಾಡಿತು.

"ಇಳಸ್ರಿ ಅನಬೇಕು," ಎಂದಳು ಕೊನೆಗೆ, ಬಿಗಿದ ದನಿಯಲ್ಲಿ. "ಕೈ ಇಳಸ್ರಿ. ಬಿಡ್ರಿ ಅಲ್ಲ."

"ಇಳಸ್ರಿ," ಎಂದಳು ಪ್ರಣಿತಾ, ಮೂಗೊರೆಸಿಕೊಳ್ಳುತ್ತ.

"ಕೈ ಹೋಗಿಲ್ಲ ಹಂಗಾದ್ರ?"

"ಇಲ್ರಿ. ಕೆಲಸಾ ಇಲ್ದಕ ಸೊರಗೇತಿ. ಮೊದಲಿಂದ ಮಾಡೂಣು. ಖರೇ ಹೇಳ್ತೇನಿ ಮಾವಶಿ, ಪೂರಾ ಗಟ್ಟಿ ಆಗಾಕ ಎರಡು ಮೂರು ತಿಂಗಳಾ ಬೇಕು."

"ಕೂಸು ಅಷ್ಟು ದಿನಾ ನಿಂದ್ರೂದಿಲ್ಲ."

ಪ್ರಣಿತಾ ತನಗೆ ಗೊತ್ತಿದ್ದ ಒಂದು ಉಪಾಯ ಹೇಳಿಕೊಟ್ಟಳು. ಏನನ್ನೇ ಎತ್ತುವಾಗಲೂ ಅಂಗೈ ಮೇಲೆ ಮಾಡಿ, ಮೊಣಕೈ ಮೈಗೆ ಹಚ್ಚಿ ಎತ್ತಬೇಕು, ಆಗ ನೋಯುವ ಜಾಗದ ಮೇಲೆ ಭಾರ ಬೀಳುವುದಿಲ್ಲ. ಕೂಸನ್ನು ಹಾಗೆ ಎತ್ತಬಹುದು. ನೋವು ಸ್ವಲ್ಪ ಇರುತ್ತದೆ, ಅದು ಹರಿಯುವ ನೋವಲ್ಲ. ಆದರೆ ಒಂದೇ ಕೈಯಲ್ಲಿ ತುಂಬಿದ ತಂಬಿಗೆ ಎತ್ತಿ ಸುರಿಯುವುದು ಸದ್ಯಕ್ಕೆ ಬೇಡ, ನೀರು ಬೇರೆಯವರು ಹಾಕಲಿ. ಹೀಗೆಂದು ಎಲ್ಲವನ್ನೂ ಪಾರಿಸಣ್ಣನ ಮೊಬೈಲಿನಲ್ಲಿ ವಿಡಿಯೋ ಮಾಡಿ ಕೊಟ್ಟಳು. ಬೇರೆಯವರು ಯಾರು ಎಂದು ಮಂಗಲ ಕೇಳಲಿಲ್ಲ. ನೀರು ಒಬ್ಬರು ಹಾಕಿ ಕೂಸು ಇನ್ನೊಬ್ಬರು ಹಿಡಿಯುವ ಎರೆತ ಅವಳು ಕಂಡಿರಲಿಲ್ಲ.

ಕೆಳಗಿಳಿದು ಬಂದ ಪಾರಿಸಣ್ಣ ಸಾಂಗ್ಲಿಯ ಬದಲು ಕುಪವಾಡಕ್ಕೆ ರಿಕ್ಷಾ ಗೊತ್ತು ಮಾಡಿದ. ದಾರಿಯುದ್ದಕ್ಕೂ ಮಂಗಲ ಮಗಳಿಗೆ ಹೇಳಬೇಕಾದ ಮಾತನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಮನೆಯ ಮುಂದೆ ರಿಕ್ಷಾ ನಿಂತಾಗ ಪಾರಿಸಣ್ಣ ಇಳಿಯಲಿಲ್ಲ. "ಗಿಲಾವ ಹಚ್ಚಿದಾಕಿ ನೀ. ಹೋಗಿ ನೀನಽ ಕೆರದು ತಗಿ. ನಾ ಇಲ್ಲೇ ಚಹಾದಂಗಡ್ಯಾಗ ಕುಂದ್ರತೇನಿ," ಎಂದ.

ಬಾಗಿಲು ತೆಗೆದವಳು ಬೀಗತಿ ಚಂದ್ರಾಬಾಯಿ, ಮೃಣಾಲಳ ಅತ್ತೆ. ಸೊರಗಿದ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಬರ್ರಿ. ಗಿಲಾವ ಒಣಗೇತೇನ್ರಿ?" ಎಂದಳು. ಮೃಣಾಲ ಒಳಗೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಪಾದ ಊದಿದ್ದವು. ತಾಯಿಯನ್ನು ಕಂಡು ಏಳಲಿಲ್ಲ, ಮುಖ ಕಿಟಕಿಯ ಕಡೆ ತಿರುಗಿಸಿದಳು. ಜೋಡಿಸಿಕೊಂಡು ಬಂದ ಮಾತೆಲ್ಲ ಮಂಗಲಳಿಗೆ ಮರೆತೇ ಹೋಯಿತು.

"ಗಿಲಾವ ಸುಳ್ಳವಾ," ಎಂದಳು. "ಈ ಕೈ ಕೆಟ್ಟೈತಿ. ತಂಬಿಗಿ ನಿಂದ್ರವಲ್ದು ಇದರಾಗ. ಹಿಟ್ಟಿನ ಚೀಲಾ ಎತ್ತಿ ನೋಡಿದ್ನಿ, ಅದೂ ಬಿತ್ತು. ನಿನ್ನ ಕೂಸು ಬಿದ್ರ ಏನ್ ಮಾಡ್ಲಿ ಅಂತ ಹೆದರಿ ಹಂಗಂದೆ." ಫೋನಿನ ಮಾತು, ತನ್ನ ತಪ್ಪು ತಿಳಿವಳಿಕೆ, ಇನ್ನೂ ಎರಡು ಮೂರು ತಿಂಗಳು ಬೇಕೆಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು.

ಮೃಣಾಲ ತಿರುಗಲಿಲ್ಲ. "ಓಣ್ಯಾಗಿನ ಎಲ್ಲಾರ ಕೂಸಿಗೂ ಎರದಿ. ನನ್ನ ಕೂಸಿಗಷ್ಟ ಗಿಲಾವ ಬಂತು."

"ಅದಕ್ಕಽ ಹೆದರಿದೆನವಾ. ಕೈ ಇಲ್ದಾಕಿ ನಾ, ನಿನ್ನ ಕರದು ಏನ್ ಮಾಡ್ಲಿ?"

ಆಗ ಮಗಳು ತಿರುಗಿದಳು. ಅವಳ ಮುಖ ಸಿಟ್ಟಿನದಾಗಿರಲಿಲ್ಲ, ಚಿಕ್ಕಂದಿನಲ್ಲಿ ಜ್ವರ ಬಂದಾಗಿನ ಮುಖದಂತಿತ್ತು. "ನಾ ನಿನ್ನ ಕೈ ಸಲುವಾಗಿ ಬರಾಕಿ ಅಂತ ತಿಳದಿಯೇನು? ನಂಗ ಅಂಜಿಕಿ ಆಗೇತವ್ವಾ. ಹಡಿಯೂದು ನೆನಿಸಿದ್ರ ಕೈಕಾಲು ತಣ್ಣಗಾಗತಾವ. ಯಾರ ಮುಂದ ಹೇಳ್ಲಿ? ನೀ ಬಾಜೂಕ ಇದ್ರ ಸಾಕಾಗಿತ್ತು."

ಮೊಣಕೈಯ ಒಂದು ಬೊಟ್ಟಿನಷ್ಟು ಜಾಗವನ್ನೇ ನೋಡುತ್ತ ಕೂತಿದ್ದ ಮಂಗಲಳಿಗೆ, ಮಗಳೂ ಒಬ್ಬಳೇ ಕೂತು ಹೆದರುತ್ತಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅದಕ್ಕಾಗಿ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಮಂಚದ ಮೇಲೆ ಮಗಳಿಗೆ ಒತ್ತಿ ಕೂತಳು.

"ನನ್ನ ಹಡಿಯೂ ಮುಂದ ನೀ ಅಂಜಿದ್ದೇನು?" ಎಂದು ಮೃಣಾಲ ಕೇಳಿದಳು.

ಹೆರಿಗೆಯ ಮಾತು ಬಂದಾಗಲೆಲ್ಲ ಮಂಗಲ ಎಲ್ಲರಿಗೂ, ನನಗೆ ಗೊತ್ತೇ ಆಗಲಿಲ್ಲ, ಹೂವು ಎತ್ತಿದ ಹಾಗಾಯಿತು ಎಂದು ಹೇಳುತ್ತ ಬಂದವಳು. ಮಗಳಿಗೂ ಅದನ್ನೇ ಹೇಳಿದ್ದಳು.

"ಭಾಳ ಅಂಜಿದ್ನಿ," ಎಂದಳು. "ನಿಮ್ಮಜ್ಜಿ ಸೆರಗು ಹಿಡದಾಕಿ ಬಿಟ್ಟಿದ್ದಿಲ್ಲ. ನರ್ಸ್ ಬಂದು ಬಿಡಸಿದ್ರು. ಮಂದಿ ಮುಂದ ಸುಳ್ಳ ಹೇಳ್ಕೋತ ಬಂದೇನಿ."

ಮೃಣಾಲ ನಕ್ಕಳು, ನಗುತ್ತಲೇ ಅತ್ತಳು. ಚಂದ್ರಾಬಾಯಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು, ಕೇಳಿಸಿಕೊಳ್ಳಲಿಲ್ಲ ಎಂಬ ನಾಟಕವನ್ನೂ ಮಾಡಲಿಲ್ಲ. "ಕೂಸಿನ್ನ ಹಿಡ್ಯಾಕ ಆಗತೈತಿಲ್ರಿ ನಿಮಗ?" ಎಂದು ಕೇಳಿದಳು.

"ಹಿಡ್ಯಾಕ ಆಗತೈತಂತ. ನೀರು ಹಾಕಾಕ ಆಗೂದಿಲ್ಲ."

"ನೀರು ನಾ ಬಂದು ಹಾಕ್ತೇನಿ."

ಮಂಗಲ ಗಾಬರಿಯಾಗಿ ನೋಡಿದಳು. ಬೀಗತಿ ಬಂದರೆ ಮಣೆ ಹಾಕಿ, ಕೈಗೆ ನೀರು ಕೊಟ್ಟು, ಬಡಿಸಿ, ಸೀರೆ ಉಡಿಸಿ ಕಳಿಸುವುದು ಪದ್ಧತಿ. "ನಮ್ಮ ಬಚ್ಚಲದಾಗ ನೀವು ತಂಬಿಗಿ ಹಿಡಿಯೂದೇನ್ರಿ? ಮಂದಿ ಏನಂದಾರು?"

"ಮಂದೀಗೆ ಗಿಲಾವ ನಡದೈತಿ ಅಂತ ಹೇಳೂಣು ತಗೊಳ್ರಿ," ಎಂದು ಚಂದ್ರಾಬಾಯಿ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ತುಂಬಿದ ದೊಡ್ಡದೊಂದು ಬಟ್ಟೆಯ ಚೀಲವಿತ್ತು. ಅದನ್ನು ತಂದು ಮಂಗಲಳ ಕಾಲ ಹತ್ತಿರ ಇಟ್ಟಳು.

"ನಿಮ್ಮ ಮಗಳು ಕುಬಸ ಮುಗದ ಮರುದಿನಾನ ತವರಿಗೆ ಹೋಗಾಕಂತ ಕಟ್ಟಿ ಇಟ್ಟಾಳ ಇದನ್ನ. ನೀವು ಬ್ಯಾಡ ಅಂದ ಮ್ಯಾಲ ಬಿಚ್ಚಿ ಕಪಾಟಿನ್ಯಾಗ ಇಡವಾ ಅಂದೆ, ಬಿಚ್ಚಲಿಲ್ಲ. ದಿನಾ ಇದರಾಗಿಂದಽ ಒಂದು ಗೌನ ತಗದು ಹಾಕ್ಕೋತಾಳ, ಒಗದು ಒಣಗಿಸಿ ಮತ್ತ ಇದರಾಗಽ ಮಡಚಿ ಇಡತಾಳ."

ಮೃಣಾಲ ತಲೆ ತಗ್ಗಿಸಿದಳು. ಮಂಗಲ ಬಗ್ಗಿ ಆ ಚೀಲದ ಮೇಲೆ ಕೈ ಇಟ್ಟಳು. ಮಗಳನ್ನು ಕರೆದೊಯ್ಯಲು ರಿಕ್ಷಾ ಕರೆಯಬೇಕು, ಹೊತ್ತಾಗುತ್ತಿದೆ ಎಂದು ಗೊತ್ತಿದ್ದರೂ ಸ್ವಲ್ಪ ಹೊತ್ತು ಅವಳಿಗೆ ಏಳಲಾಗಲಿಲ್ಲ.